ಮೂರು ಗ್ರಾಂ ಹಕ್ಕಿಗೊಂದು ಬೇಲಿ

ಬೇಲಿಯ ವಿಷಯದಲ್ಲಿ ನಮ್ಮ ಮನೆತನದವರ ಸಲಹೆ ಕೇಳುವುದು ಅಷ್ಟೇನೂ ಕ್ಷೇಮವಲ್ಲ. ತೀರ್ಥಹಳ್ಳಿ ಸೀಮೆಯ ನಮ್ಮ ಅಡಿಕೆ ತೋಟಕ್ಕೆ ದನ ನುಗ್ಗದಿರಲೆಂದು ನಮ್ಮಜ್ಜ ಯಾರದೋ ಬಂಗಲೆಯ ಅಂಗಳದಿಂದ ಲಂಟಾನದ ಕಡ್ಡಿ ತಂದು ಮೇಲುಬದಿಯಲ್ಲಿ ಸಾಲಾಗಿ ಊರಿದರಂತೆ. ಮುಳ್ಳಿದೆ, ದನ ಬಾಯಿ ಹಾಕುವುದಿಲ್ಲ, ವರ್ಷವಿಡೀ ಹೂವು, ಇನ್ನೇನು ಬೇಕು? ಹತ್ತು ವರ್ಷದಲ್ಲಿ ಅದು ತೋಟದ ಮೇಲಿನ ಬೇಣವನ್ನೆಲ್ಲ ನುಂಗಿತು. ಪಿಕಳಾರಗಳು ಅದರ ಕರಿಹಣ್ಣು ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಹೊಸ ಗಿಡ ಎದ್ದಿತು. ನಮ್ಮಪ್ಪ ತಮ್ಮ ಆಯುಷ್ಯದ ಎಷ್ಟೋ ಬೇಸಗೆಗಳನ್ನು ಅದನ್ನು ಕಡಿಯುವುದರಲ್ಲೇ ಕಳೆದರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎಂಬ ಗಾದೆಯನ್ನು ಶಾಲೆಯಲ್ಲಿ ಮೇಷ್ಟರು ಕಷ್ಟಪಟ್ಟು ವಿವರಿಸುತ್ತಿದ್ದಾಗ, ಇದರಲ್ಲಿ ವಿವರಿಸುವಂಥದ್ದು ಏನಿದೆ ಎಂದು ನನಗೆ ಅನ್ನಿಸುತ್ತಿತ್ತು.

ಅಜ್ಜನನ್ನು ಮಾತ್ರ ದೂರಿ ಫಲವಿಲ್ಲ. ಅಮೆರಿಕ ಖಂಡದ ಉಷ್ಣ ಪ್ರದೇಶದ ಈ ಗಿಡವನ್ನು 1807ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತರಿಸಿದವರು ತಿಳಿದವರೇ. ಅಲ್ಲಿಂದ ಅದು ಅಂದದ ಗಿಡವಾಗಿ, ಬೇಲಿಯ ಗಿಡವಾಗಿ ಬಂಗಲೆಯಿಂದ ಬಂಗಲೆಗೆ ನಡೆಯಿತು. ಇವತ್ತು ಬಂಡೀಪುರದಲ್ಲೂ ಬಿಳಿಗಿರಿರಂಗನ ಬೆಟ್ಟದಲ್ಲೂ ಆನೆ ಮೇಯಬೇಕಾದ ಹುಲ್ಲಿನ ಜಾಗದಲ್ಲಿ ಅದೇ ನಿಂತಿದೆ.

ಇಷ್ಟೆಲ್ಲ ಗೊತ್ತಿದ್ದೂ ನನ್ನ ಮಗಳು 2023ರ ಯುಗಾದಿಯ ಹೊತ್ತಿಗೆ ಫೋನು ಮಾಡಿ, “ಅಪ್ಪಾ, ನೀವು ಹೇಗೂ ಬರ್ತೀರಲ್ಲ, ಬಂದ ಮೇಲೆ ಬೇಲಿಗೆ ಯಾವ ಗಿಡ ಅಂತ ನೀವೇ ಹೇಳಿ” ಎಂದಳು. ಅವಳಿರುವುದು ಅಮೆರಿಕದ ಫಿಲಡೆಲ್ಫಿಯಾದ ಹೊರವಲಯದಲ್ಲಿ. ಒಂದು ಹಳೆಯ ಮನೆ ಕೊಂಡಿದ್ದರು. ಜೊತೆಗೆ ಆರು ವರ್ಷದ ಮೊಮ್ಮಗಳ ಷರತ್ತೊಂದಿತ್ತು: ಬೇಲಿಗೆ ಹಮ್ಮಿಂಗ್‌ಬರ್ಡ್ ಬರಬೇಕು.

ಏಪ್ರಿಲ್ ನಡುವಿನಲ್ಲಿ ಹೋಗಿ ನೋಡಿದರೆ ಬೇಲಿ ಆಗಲೇ ಇತ್ತು. ಮೊಣಕಾಲಿನಿಂದ ಸೊಂಟದವರೆಗಿನ ಎತ್ತರ, ಕೆಂಗಂದು ಚಿಗುರು, ಸೂಜಿಯಂಥ ಮುಳ್ಳು. “ಇಷ್ಟು ಚೆಂದದ ಬೇಲಿ ಯಾಕೆ ತೆಗೀತೀರಿ?” ಎಂದೆ. ಅದು ಜಪಾನಿ ಬಾರ್ಬೆರಿ. 1875ರಲ್ಲಿ ರಷ್ಯಾದಿಂದ ಬಾಸ್ಟನ್ನಿನ ಆರ್ನಾಲ್ಡ್ ಸಸ್ಯೋದ್ಯಾನಕ್ಕೆ ಬಂದ ಬೀಜದಿಂದ ಅದರ ಕಥೆ ಮೊದಲಾಗುತ್ತದೆ. ಅದಕ್ಕಿಂತ ಮುಂಚೆ ಬೇಲಿಗಿದ್ದ ಯುರೋಪಿನ ಬಾರ್ಬೆರಿಯಲ್ಲಿ ಗೋಧಿಯ ತುಕ್ಕುರೋಗ ಬೆಳೆಯುತ್ತದೆಂದು ಕಂಡು ಅದನ್ನು ಕೀಳಿಸಿದರು. ಬದಲಿಗೆ ಜಪಾನಿನದು ಮೇಲೆಂದು ಹೊಗಳಿ ನೆಟ್ಟರು. ಜಿಂಕೆ ಬಾಯಿ ಹಾಕುವುದಿಲ್ಲ, ಹಕ್ಕಿಗಳು ಹಣ್ಣು ತಿಂದು ಕಾಡಿಗೆ ಒಯ್ಯುತ್ತವೆ. ಈ ಕಥೆ ನನಗೆ ಬಾಯಿಪಾಠವಿತ್ತು. ಅದರ ದಟ್ಟ ತಂಪಿನಲ್ಲಿ ಉಣ್ಣೆಗಳು ಬದುಕುತ್ತವೆ, ಆ ಉಣ್ಣೆಗಳು ಲೈಮ್ ರೋಗ ಹರಡುತ್ತವೆ ಎಂಬುದು ಮಾತ್ರ ಹೊಸದು. ಪೆನ್ಸಿಲ್ವೇನಿಯಾ ರಾಜ್ಯ 2021ರಲ್ಲಿ ಅದನ್ನು ಹಾನಿಕಾರಕ ಕಳೆಯೆಂದು ಸಾರಿ ಮಾರಾಟ ನಿಷೇಧಿಸಿತು. ಅಳಿಯ ದಪ್ಪ ಕೈಚೀಲ ಹಾಕಿಕೊಂಡು ಎರಡು ಶನಿವಾರ ಅಗೆದು ಕಿತ್ತ. ನಾನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಅಪ್ಪನನ್ನು ನೆನೆಯುತ್ತ ನೋಡಿದೆ.

ಇನ್ನು ಹಕ್ಕಿಯ ಮಾತು. ನಮ್ಮಲ್ಲಿ ದಾಸವಾಳಕ್ಕೂ ಹಾಲವಾಣಕ್ಕೂ ಬರುವ ಸೂರಕ್ಕಿಯನ್ನು ಪೇಟೆಯ ಹುಡುಗರು ಹಮ್ಮಿಂಗ್‌ಬರ್ಡ್ ಎನ್ನುವುದುಂಟು. ಅದಲ್ಲ. ಸೂರಕ್ಕಿಯದು ಬೇರೆಯೇ ಕುಲ. ಸಾಮಾನ್ಯವಾಗಿ ಕಡ್ಡಿಯ ಮೇಲೆ ಕೂತೇ ಮಧು ಹೀರುತ್ತದೆ. ಹಮ್ಮಿಂಗ್‌ಬರ್ಡುಗಳು ಮುನ್ನೂರೈವತ್ತಕ್ಕೂ ಹೆಚ್ಚು ಬಗೆ ಇದ್ದರೂ ಇಂದು ಎಲ್ಲವೂ ಅಮೆರಿಕ ಖಂಡಗಳವೇ. (ಮೂರು ಕೋಟಿ ವರ್ಷದ ಹಿಂದೆ ಯುರೋಪಿನಲ್ಲೂ ಇದ್ದವೆಂಬುದಕ್ಕೆ ಜರ್ಮನಿಯಲ್ಲಿ ಸಿಕ್ಕ ಪಳೆಯುಳಿಕೆಯ ವಿವರ 2004ರಲ್ಲಿ ಪ್ರಕಟವಾಯಿತು.) ಫಿಲಡೆಲ್ಫಿಯಾಕ್ಕೆ ಬರುವುದು ಕೆಂಪು ಕೊರಳಿನದು. ತೂಕ ಮೂರು ಗ್ರಾಂ ಆಸುಪಾಸು. ಚಳಿಗಾಲವನ್ನು ಮೆಕ್ಸಿಕೊ, ಮಧ್ಯ ಅಮೆರಿಕದಲ್ಲಿ ಕಳೆದು, ಬಹಳಷ್ಟು ಹಕ್ಕಿಗಳು ಮೆಕ್ಸಿಕೊ ಕೊಲ್ಲಿಯ ಎಂಟುನೂರು ಕಿಲೋಮೀಟರು ನೀರನ್ನು ಒಂದೇ ಹಾರಾಟದಲ್ಲಿ ದಾಟಿ, ಏಪ್ರಿಲ್ ಕೊನೆಗೋ ಮೇ ಮೊದಲಿಗೋ ಇಲ್ಲಿಗೆ ಮುಟ್ಟುತ್ತವೆ. ನಾನು ವಿಮಾನದಲ್ಲಿ ಬಂದು ಮೂರು ದಿನ ಮಲಗಿದ್ದೆ; ಅದಕ್ಕೆ ಆ ಸೌಕರ್ಯವಿಲ್ಲ, ಬಂದ ಕೂಡಲೇ ಹೂವು ಬೇಕು.

ಯಾವ ಹೂವು ಎಂದು ತಿಳಿಯಲು ಪುಸ್ತಕ ತೆಗೆಯುವ ಬದಲು ಮಗಳು ನನ್ನನ್ನು ಶೂಲ್‌ಕಿಲ್ ನದಿಯ ಪಶ್ಚಿಮ ದಂಡೆಯ ಬಾರ್ಟ್ರಮ್ ತೋಟಕ್ಕೆ ಕರೆದುಕೊಂಡು ಹೋದಳು. ಇತಿಹಾಸದ ಮೇಷ್ಟರಾಗಿದ್ದವನಿಗೆ ಅದು ಬೇಲಿಗಿಂತ ದೊಡ್ಡ ಲಾಭ.

ಜಾನ್ ಬಾರ್ಟ್ರಮ್ (1699–1777) ರೈತ. ದೊಡ್ಡ ಓದು ಓದಿದವನಲ್ಲ. 1728ರಲ್ಲಿ ಈ ಜಮೀನು ಕೊಂಡು, ಕಲ್ಲಿನ ಮನೆ ಕಟ್ಟಿ, ಕಾಡು ಸುತ್ತಿ ಗಿಡ ತಂದು ನೆಟ್ಟ. ಲಂಡನ್ನಿನ ಬಟ್ಟೆ ವ್ಯಾಪಾರಿ ಪೀಟರ್ ಕಾಲಿನ್ಸನ್ ಎಂಬವನಿಗೆ ಪೆಟ್ಟಿಗೆಗೆ ಐದು ಗಿನಿಯಂತೆ ಅಮೆರಿಕದ ಬೀಜಗಳನ್ನು ಹಡಗಿನಲ್ಲಿ ಕಳಿಸುತ್ತಿದ್ದ. ಇಂಗ್ಲೆಂಡಿನ ಸಿರಿವಂತರ ತೋಟಗಳಲ್ಲಿ ಅವು ಮೊಳೆತವು. 1765ರಲ್ಲಿ ಮೂರನೆಯ ಜಾರ್ಜ್ ದೊರೆ ಅವನನ್ನು ತನ್ನ ಸಸ್ಯಶಾಸ್ತ್ರಜ್ಞನನ್ನಾಗಿ ನೇಮಿಸಿದ. ಅದೇ ವರ್ಷ ಅವನೂ ಮಗ ವಿಲಿಯಮ್ಮನೂ ಜಾರ್ಜಿಯಾದ ಆಲ್ಟಮಹಾ ನದಿಯ ಹತ್ತಿರ ಒಂದು ಬಿಳಿಹೂವಿನ ಮರ ಕಂಡರು. ಅದಕ್ಕೆ ಮುಂದೆ ಬೆಂಜಮಿನ್ ಫ್ರಾಂಕ್ಲಿನ್ನನ ಹೆಸರಿಟ್ಟರು. 1803ರ ನಂತರ ಕಾಡಿನಲ್ಲಿ ಆ ಮರವನ್ನು ಯಾರೂ ಕಂಡಿಲ್ಲ. ಇವತ್ತು ಜಗತ್ತಿನಲ್ಲಿರುವ ಫ್ರಾಂಕ್ಲಿನಿಯಾ ಎಲ್ಲವೂ ಈ ಅಪ್ಪಮಕ್ಕಳು ಉಳಿಸಿದ ಬೀಜದ ಸಂತಾನ. ತೋಟದಲ್ಲಿ ಅದರ ಮುಂದೆ ನಿಂತಾಗ ನನಗೆ ಸ್ವಲ್ಪ ಅಸೂಯೆಯೇ ಆಯಿತು. ಇನ್ನೊಬ್ಬರ ಮನೆತನದಲ್ಲಿ ಅಪ್ಪ ಮಗ ಸೇರಿ ಒಂದು ಗಿಡ ಉಳಿಸಿದ್ದಾರೆ. ನಮ್ಮಲ್ಲಿ ಅಜ್ಜ ನೆಟ್ಟದ್ದನ್ನು ಅಪ್ಪ ಕಡಿದರು.

ಇದೇ ತೋಟಕ್ಕೆ 1857ರ ಮೇ ತಿಂಗಳಲ್ಲಿ ಇಂಗ್ಲೆಂಡಿನಿಂದ ಜಾನ್ ಗೂಲ್ಡ್ ಬಂದ. ಹಮ್ಮಿಂಗ್‌ಬರ್ಡುಗಳ ವಿಷಯದಲ್ಲಿ ಅವನಷ್ಟು ದೊಡ್ಡ ಹೆಸರು ಆಗ ಇನ್ನೊಂದಿರಲಿಲ್ಲ. 1849ರಿಂದ ಅವುಗಳ ಚಿತ್ರಸಂಪುಟಗಳನ್ನು ತರುತ್ತಿದ್ದ. 1861ರಲ್ಲಿ ಮುಗಿಯುವ ಹೊತ್ತಿಗೆ 360 ಚಿತ್ರಗಳಾದವು. 1851ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಅವನು ಗಾಜಿನ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟ ಹಮ್ಮಿಂಗ್‌ಬರ್ಡುಗಳನ್ನು ನೋಡಲು ಎಪ್ಪತ್ತೈದು ಸಾವಿರ ಜನ ಬಂದರು; ವಿಕ್ಟೋರಿಯಾ ರಾಣಿಯೂ ಬಂದಳು. ಅವೆಲ್ಲವೂ ಒಣಗಿಸಿ ತುಂಬಿದ ತೊಗಲುಗಳು. ಜೀವಂತ ಹಮ್ಮಿಂಗ್‌ಬರ್ಡನ್ನು ಗೂಲ್ಡ್ ಅಲ್ಲಿಯವರೆಗೆ ಒಮ್ಮೆಯೂ ಕಂಡಿರಲಿಲ್ಲ! ಐವತ್ತೆರಡು ವರ್ಷದ ಮನುಷ್ಯ ಅದನ್ನು ಮೊದಲು ಕಂಡದ್ದು ಬಾರ್ಟ್ರಮ್ ತೋಟದಲ್ಲಿ. ಹಿಂದಿರುಗುವಾಗ ಜೀವಂತ ಹಕ್ಕಿಗಳನ್ನು ಒಯ್ಯಲು ನೋಡಿದ. ಒಂದೂ ಬಹಳ ದಿನ ಬದುಕಲಿಲ್ಲ.

ಗೂಲ್ಡನಿಗೆ ಇದು ಮೊದಲ ಸಲವೇನಲ್ಲ. 1830ರ ದಶಕದ ಆರಂಭದಲ್ಲಿ ಅವನಿಗೆ ಹೆಸರು ತಂದ ಪುಸ್ತಕ ನಮ್ಮ ಹಿಮಾಲಯದ ಹಕ್ಕಿಗಳ ಮೇಲಿನದು, ಹಿಮಾಲಯಕ್ಕೆ ಅವನು ಕಾಲಿಟ್ಟವನಲ್ಲ. ಅದರ ಚಿತ್ರಗಳನ್ನು ಕಲ್ಲಚ್ಚಿಗೆ ಬರೆದವಳು ಹೆಂಡತಿ ಎಲಿಜಬೆತ್. ಹಿಮಾಲಯದ ಒಂದು ಸೂರಕ್ಕಿಗೆ ಇಂದಿಗೂ ಅವಳ ಹೆಸರಿದೆ. ಅವಳು 1841ರಲ್ಲೇ ತೀರಿಕೊಂಡಳು. ಗಂಡ ಕಂಡ ಹಕ್ಕಿಯನ್ನು ಅವಳು ಕಾಣಲಿಲ್ಲ.

ಆ ಶತಮಾನದ ಕೊನೆಗೆ ಇದೇ ಹಕ್ಕಿಗಳ ತೊಗಲು ಹೆಂಗಸರ ಟೋಪಿಗೆಂದು ಲಂಡನ್ನಿನಲ್ಲಿ ಸಾವಿರಗಟ್ಟಲೆ ಹರಾಜಾಗುತ್ತಿದ್ದವು. ಅಮೆರಿಕದಲ್ಲಿ ವಲಸೆ ಹಕ್ಕಿಗಳಿಗೆ 1918ರಲ್ಲಿ ಕಾನೂನಿನ ರಕ್ಷಣೆ ಬಂತು. ಆ ಮೇಲೆ ಹಕ್ಕಿ ನೋಡುವ ಆಸೆಯಿದ್ದವರಿಗೆ ಉಳಿದ ದಾರಿ, ಅದು ತಾನಾಗಿ ಬರುವಂತೆ ಗಿಡ ನೆಡುವುದು.

ಯಾವ ಹೂವು ಎಂಬ ಪ್ರಶ್ನೆಗೆ ಮಾರ್ಕ್ ಕೇಟ್ಸ್‌ಬಿ ಎಂಬವನು ಗೂಲ್ಡನಿಗಿಂತ ಮೊದಲೇ, 1729ರಿಂದ ಪ್ರಕಟಿಸತೊಡಗಿದ ಕ್ಯಾರೊಲೈನಾದ ಪುಸ್ತಕದಲ್ಲಿ, ಚಿತ್ರದಲ್ಲೇ ಉತ್ತರ ಬರೆದಿದ್ದಾನೆ. ಹಕ್ಕಿಯನ್ನು ಕಹಳೆಯಂಥ ಕೆಂಪುಹೂವಿನ ಬಳ್ಳಿಯೊಂದಿಗೆ ತೋರಿಸಿದ್ದಾನೆ. ಉದ್ದ ಕೊಳವೆ, ಕೆಂಪು ಬಣ್ಣ, ಪರಿಮಳ ಬೇಕಿಲ್ಲ. ಜೇನ್ನೊಣಕ್ಕೆ ಕೆಂಪು ಸರಿಯಾಗಿ ಕಾಣದಾದ್ದರಿಂದ ಮಧು ಹಕ್ಕಿಗೆ ಉಳಿಯುತ್ತದೆ. ಆದರೆ ಆ ಬಳ್ಳಿ ಗೋಡೆ ಸೀಳುತ್ತದೆ, ಎಲ್ಲೆಂದರಲ್ಲಿ ಕಂದು ಎಬ್ಬಿಸುತ್ತದೆ. ನಾನು ಬೇಡವೆಂದೆ. ಜಪಾನಿ ಹನಿಸಕಲ್ಲಿಗೂ ಹಕ್ಕಿ ಬರುತ್ತದೆ. ಅದು 1806ರಲ್ಲಿ ಲಾಂಗ್ ಐಲೆಂಡಿಗೆ ಬಂದು ಇಲ್ಲಿಯ ಕಾಡನ್ನು ಸುತ್ತಿಕೊಂಡಿದೆ. ಕಲ್ಕತ್ತೆಗೆ ಲಂಟಾನ ಬಂದದ್ದೂ ಹೆಚ್ಚುಕಡಿಮೆ ಆಗಲೇ. ಅದೂ ಬೇಡ.

ಉಳಿದದ್ದು ಅಮೆರಿಕದ್ದೇ ಆದ ಗಿಡಗಳು. ಅವುಗಳಲ್ಲಿ ಮಗಳ ಮನಸ್ಸು ಕೆಂಪು ಬಕ್‌ಐ ಮೇಲೆ. ಆಳೆತ್ತರ ಮೀರುವ ಪೊದೆ, ಮೂಲತಃ ದಕ್ಷಿಣದ ರಾಜ್ಯಗಳದು, ಫಿಲಡೆಲ್ಫಿಯಾದ ಚಳಿ ತಡೆಯುತ್ತದೆ. ಹಕ್ಕಿ ಬಂದಿಳಿಯುವ ಹೊತ್ತಿಗೆ ಸರಿಯಾಗಿ ಅದರ ಕೆಂಪು ಗೊಂಚಲು ಬಿಡುತ್ತವೆ. ತೊಂದರೆಯೊಂದೇ: ಅದರ ಕಾಯಿ ಒಡೆದರೆ ಹೊಳೆಯುವ ಕಂದು ಬೀಜ, ನೋಡಿದರೆ ಎತ್ತಿಕೊಳ್ಳಬೇಕೆನ್ನಿಸುವಂಥದು, ವಿಷ.

“ಮಗು ಓಡಾಡುವ ಅಂಗಳಕ್ಕೆ ಇದು ಬೇಡ” ಎಂದೆ.

“ಊರಲ್ಲಿ ಕಣಗಿಲೆ ಇರಲಿಲ್ವಾ ಅಪ್ಪಾ? ಗುಲಗಂಜಿ ಆರಿಸಿ ನಾನೇ ಡಬ್ಬಿ ತುಂಬಿಡ್ತಿದ್ದೆ. ಬಾಯಿಗೆ ಹಾಕಬಾರದು ಅಂತ ಅಜ್ಜಿ ಹೇಳಿದ್ರು, ಹಾಕಲಿಲ್ಲ.”

ನನ್ನ ಹತ್ತಿರ ಉತ್ತರವಿರಲಿಲ್ಲ, ಆದರೆ ಒಪ್ಪಲೂ ಇಲ್ಲ. ಎರಡು ದಿನ ಊಟದ ಹೊತ್ತಿನಲ್ಲಿ ನಾವಿಬ್ಬರೂ ಮಗುವಿನ ಮೂಲಕ ಮಾತಾಡಿದೆವು. ಕೊನೆಗೆ ಅಳಿಯ ಒಂದು ದಾರಿ ತೆಗೆದ. ಅಂಗಳದ ಕಡೆಗೆ ವಿಷವಿಲ್ಲದ, ಬೇಸಗೆಯ ನಡುವೆ ಬಿಳಿತೆನೆ ಬಿಡುವ ಕ್ಲೆತ್ರಾ. ಮೂಲೆಯ ತಂತಿಗೆ ಅಮೆರಿಕದ ಕೆಂಪು ಹನಿಸಕಲ್ ಬಳ್ಳಿ. ದೂರದ ತುದಿಯಲ್ಲಿ, ಕೀಲಿ ಹಾಕುವ ಗೇಟಿನ ಆಚೆ, ಮೂರೇ ಮೂರು ಬಕ್‌ಐ. ಹೀಗೆ ಹಂಚಿ ನೆಡುವುದು ಹಕ್ಕಿಗೂ ಒಳ್ಳೆಯದಂತೆ. ಗಂಡುಹಕ್ಕಿ ಹೂವಿನ ಜಾಗವನ್ನು ತನ್ನದೆಂದು ಕಾಯುತ್ತದೆ, ಇನ್ನೊಂದು ಬಂದರೆ ಅಟ್ಟುತ್ತದೆ. ಒಂದರಿಂದೊಂದು ಕಾಣದಂತೆ ಎರಡು ಕಡೆ ಹೂವಿದ್ದರೆ ಎರಡಕ್ಕೂ ಹೊಟ್ಟೆ ತುಂಬುತ್ತದೆ. ಬೇಲಿಯನ್ನು ಗೋಡೆಯಂತೆ ಕತ್ತರಿಸಿ ಸಮ ಮಾಡಕೂಡದು, ಮೊಗ್ಗೆಲ್ಲ ಕತ್ತರಿಯ ಪಾಲಾಗುತ್ತವೆ. ಕೀಟನಾಶಕ ಹೊಡೆಯಕೂಡದು, ಹಕ್ಕಿ ಮರಿಗೆ ತಿನ್ನಿಸುವುದು ಸಣ್ಣ ಹುಳು, ಜೇಡಗಳನ್ನು, ಗೂಡು ಹೆಣೆಯುವುದೂ ಜೇಡನ ನೂಲಿನಿಂದ.

ಸೆಪ್ಟೆಂಬರಿನಲ್ಲಿ ಗಿಡ ತರಲು ನರ್ಸರಿಗೆ ಹೋದಾಗ ನಡೆದದ್ದನ್ನು ಹೇಳಲೇಬೇಕು. ಬಾಗಿಲಲ್ಲೇ ಕುಂಡಗಳ ಸಾಲು. ಹಳದಿ, ಕೇಸರಿ, ಗುಲಾಬಿ ಬಣ್ಣದ ಚಿಕ್ಕ ಹೂಗೊಂಚಲು. ವಾಸನೆಯಿಂದಲೇ ಗೊತ್ತಾಯಿತು. ಲಂಟಾನ! ಕುಂಡಕ್ಕೆ ಸಿಕ್ಕಿಸಿದ ಚೀಟಿಯ ಮೇಲೆ ಹಮ್ಮಿಂಗ್‌ಬರ್ಡಿನ ಚಿತ್ರ. ನಮ್ಮಪ್ಪ ಕತ್ತಿ ಮಸೆದು ಕಡಿದ ಗಿಡಕ್ಕೆ ದುಡ್ಡು ಕೊಡಬೇಕಂತೆ. ಮೊಮ್ಮಗಳು ಚಿತ್ರ ನೋಡಿ ಹಟ ಹಿಡಿದಳು. “ತಗೊಳ್ಳಲಿ ಬಿಡಿ ಅಪ್ಪಾ, ಇಲ್ಲಿ ಅದು ಚಳಿಗಾಲ ದಾಟಲ್ಲ” ಎಂದು ಮಗಳು ಒಂದು ಕುಂಡ ಕೊಂಡಳು. ಅದನ್ನು ಮೆಟ್ಟಿಲ ಮೇಲಿಟ್ಟ ನಾಲ್ಕನೆಯ ದಿನ ಸಂಜೆ ಕೆಂಪು ಕೊರಳಿಲ್ಲದ ಒಂದು ಹೆಣ್ಣೋ ಮರಿಯೋ ಬಂದು, ಗಾಳಿಯಲ್ಲಿ ನಿಂತು, ನಾಲ್ಕಾರು ಹೂವಿಗೆ ಕೊಕ್ಕು ಹಾಕಿ, ಇಷ್ಟೇನಾ ಎಂಬಂತೆ ಹೊರಟುಹೋಯಿತು. ಆ ವರ್ಷ ನಾನು ಅಷ್ಟು ಹತ್ತಿರದಿಂದ ಕಂಡದ್ದು ಅದೊಂದೇ. ಅಕ್ಟೋಬರಿನಲ್ಲಿ ನಾನೂ ಊರಿಗೆ ಬಂದೆ.

ನವೆಂಬರಿನಲ್ಲಿ ಮಗಳು ಒಂದು ಫೋಟೋ ಕಳಿಸಿದಳು. ಒಂದೇ ರಾತ್ರಿಯ ಇಬ್ಬನಿಗೆ ಕುಂಡದ ಲಂಟಾನ ಸುಟ್ಟಂತೆ ಕಪ್ಪಾಗಿ ಬಾಗಿತ್ತು. ಬಹಳ ಹೊತ್ತು ನೋಡಿದೆ. ಅಪ್ಪ ಇದ್ದಿದ್ದರೆ ತೋರಿಸಬಹುದಿತ್ತು.

ಮೂರು ಬಕ್‌ಐಗಳಲ್ಲಿ ಎರಡು ಬದುಕಿದವು. 2025ರ ಮೇ ತಿಂಗಳಲ್ಲಿ ಒಂದು ಹೂ ಬಿಟ್ಟಿತು, ಹಕ್ಕಿ ಬಂತು, ಮೊಮ್ಮಗಳು ಫೋನಿನಲ್ಲಿ ಕೂಗಿದಳು. ಹಿಂದಿನಿಂದ ಅವಳಮ್ಮನ ದನಿ ಕೇಳಿಸಿತು: “ಐದು ಕಾಯಿ ಕಚ್ಚಿದೆ ಅಪ್ಪಾ. ಐದನ್ನೂ ಎಣಿಸಿಟ್ಟಿದ್ದೇನೆ.”