ಸಂಭಾವನೆಯಿಲ್ಲದ ಹೆಚ್ಚುವರಿ ಕೆಲಸ ಮತ್ತು ಮರುಸಂಧಾನ

ಸಂಭಾವನೆಯಿಲ್ಲದ ಹೆಚ್ಚುವರಿ ಕೆಲಸ ಎಂದರೆ ಸ್ವತಂತ್ರ ವೃತ್ತಿಪರರು (ಫ್ರೀಲ್ಯಾನ್ಸರ್‌ಗಳು) ಗ್ರಾಹಕರೊಡನೆ ಮೊದಲು ಒಪ್ಪಿಕೊಂಡ ವ್ಯಾಪ್ತಿಯನ್ನು ಮೀರಿ, ಪ್ರತ್ಯೇಕ ಹಣ ಪಡೆಯದೆ ಮಾಡಿಕೊಡುವ ಕೆಲಸ. ಅನುವಾದ, ಕರಡು ತಿದ್ದುವಿಕೆ, ಮುಖಪುಟ ವಿನ್ಯಾಸ, ಛಾಯಾಗ್ರಹಣ, ತಂತ್ರಾಂಶ ರಚನೆ ಮೊದಲಾದ ಕ್ಷೇತ್ರಗಳಲ್ಲಿ ಇದು ಸಾಮಾನ್ಯ. ಇಂತಹ ಕೆಲಸಕ್ಕೆ ಹಣ ನಿಗದಿಪಡಿಸಲು ಅಥವಾ ಅದನ್ನು ಕೈಬಿಡಲು ಗ್ರಾಹಕರೊಡನೆ ನಡೆಸುವ ಮಾತುಕತೆಯನ್ನು ಮರುಸಂಧಾನ ಎನ್ನುತ್ತಾರೆ. ಈ ಲೇಖನವು ಮುಖ್ಯವಾಗಿ ಭಾರತದ ಪದ್ಧತಿ ಮತ್ತು ಕಾನೂನನ್ನು ವಿವರಿಸುತ್ತದೆ.

ಪದಗಳ ಹಿನ್ನೆಲೆ

ಇಂಗ್ಲಿಷಿನ 'ಫ್ರೀಲ್ಯಾನ್ಸ್' ಪದವು ಸರ್ ವಾಲ್ಟರ್ ಸ್ಕಾಟ್‌ನ 'ಐವನ್‌ಹೋ' (1819) ಕಾದಂಬರಿಯಿಂದ ಪ್ರಚಾರಕ್ಕೆ ಬಂದಿತು. ಅಲ್ಲಿ ಅದು ಯಾವ ಒಡೆಯನಿಗೂ ಕಟ್ಟುಬೀಳದೆ, ಹಣ ಕೊಟ್ಟವರ ಪರವಾಗಿ ಹೋರಾಡುವ ಭರ್ಜಿಧಾರಿಗಳನ್ನು ಸೂಚಿಸುತ್ತದೆ. ಕನ್ನಡ ಪತ್ರಿಕಾರಂಗದಲ್ಲಿ ಇಂಥವರನ್ನು 'ಹವ್ಯಾಸಿ ಪತ್ರಕರ್ತ', 'ಹವ್ಯಾಸಿ ಛಾಯಾಗ್ರಾಹಕ' ಎಂದು ಕರೆಯುವ ರೂಢಿಯಿದೆ. ಹೊಟ್ಟೆಪಾಡಿನ ಕೆಲಸವನ್ನು ಹವ್ಯಾಸವೆನ್ನುವ ಈ ಬಳಕೆ ಅಷ್ಟು ನಿರಪಾಯಕಾರಿಯಲ್ಲ. ಹಣ ಕೇಳುವುದೇ ಸಂಕೋಚದ ಸಂಗತಿ ಎಂಬ ಭಾವನೆಗೆ ಅದು ಇಂಬು ಕೊಡುತ್ತದೆ. ಪ್ರತಿಫಲವಿಲ್ಲದ ದುಡಿಮೆಗೆ ಕನ್ನಡದಲ್ಲಿ 'ಬಿಟ್ಟಿ' ಎಂಬ ಹಳೆಯ ಪದವಿದೆ. ಸಂಸ್ಕೃತದ 'ವಿಷ್ಟಿ'ಗೆ ಸಂಬಂಧಿಸಿದ ಇದು ಶಾಸನಗಳಲ್ಲಿಯೂ ಕಾಣುತ್ತದೆ. ಆದರೆ ಸಂವಿಧಾನದ 23ನೆಯ ವಿಧಿ ನಿಷೇಧಿಸುವ ಬೇಗಾರಿಯು ಬಲವಂತದ ದುಡಿಮೆ; ಇಲ್ಲಿ ಚರ್ಚಿಸುವ ಕೆಲಸವನ್ನು ವೃತ್ತಿಪರರು ತಾವಾಗಿಯೇ ಮಾಡಿರುತ್ತಾರೆ. ವಿವಾದವನ್ನು ಜಟಿಲಗೊಳಿಸುವುದು ಇದೇ ಅಂಶ.

ಬೆಳೆಯುವ ಬಗೆ

ಹೆಚ್ಚುವರಿ ಕೆಲಸವು ಒಮ್ಮೆಲೇ ಬರುವುದು ಅಪರೂಪ. "ಇದೊಂದು ಚಿಕ್ಕ ತಿದ್ದುಪಡಿ", "ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ" ಎಂಬ ಮಾತುಗಳೊಂದಿಗೆ, ಹಲವು ಬಾರಿ ದೂರವಾಣಿಯಲ್ಲಿ ಅಥವಾ ವಾಟ್ಸ್‌ಆ್ಯಪ್‌ನಲ್ಲಿ, ತುಣುಕುತುಣುಕಾಗಿ ಬರುತ್ತದೆ. ಉದಾಹರಣೆಗೆ, 40,000 ಪದಗಳ ಪುಸ್ತಕವನ್ನು ಪದಕ್ಕೆ ₹2ರಂತೆ ಅನುವಾದಿಸಲು ₹80,000 ನಿಗದಿಯಾಗಿದೆ ಎಂದು ಭಾವಿಸೋಣ. ಕೆಲಸಕ್ಕೆ 200 ಗಂಟೆ ಬೇಕಾದರೆ ಗಂಟೆಗೆ ₹400 ದೊರೆಯುತ್ತದೆ. ಬಳಿಕ ಪ್ರಕಾಶಕರು ಮೂಲದ ಮೂರು ಅಧ್ಯಾಯಗಳನ್ನು ಬದಲಿಸಿ ಕಳುಹಿಸುತ್ತಾರೆ, ಕೊನೆಗೊಂದು ಪದಕೋಶ ಕೇಳುತ್ತಾರೆ, ಬೆನ್ನುಡಿಯನ್ನೂ ಬರೆಸುತ್ತಾರೆ. ಇವೆಲ್ಲಕ್ಕೆ 60 ಗಂಟೆ ಹಿಡಿದರೆ ಗಳಿಕೆ ಗಂಟೆಗೆ ಸುಮಾರು ₹308ಕ್ಕೆ ಇಳಿಯುತ್ತದೆ. ಅಂದರೆ ಯಾರೂ ದರ ಇಳಿಸುವ ಮಾತನಾಡದೆಯೇ ಕಾಲು ಭಾಗದಷ್ಟು ಸಂಭಾವನೆ ಕಡಿತವಾಗಿರುತ್ತದೆ.

ವೃತ್ತಿಪರರ ಸ್ವಂತ ತಪ್ಪನ್ನು ಸರಿಪಡಿಸುವುದು ಹೆಚ್ಚುವರಿ ಕೆಲಸವಲ್ಲ. ಅನುವಾದಕರು ಬಿಟ್ಟುಹೋದ ಸಾಲನ್ನು ಸೇರಿಸಿಕೊಡುವುದು ಅವರ ಹೊಣೆ. ಮೂಲ ಲೇಖಕರು ಹೊಸದಾಗಿ ಬರೆದ ಸಾಲನ್ನು ಅನುವಾದಿಸುವುದು ಹೊಸ ಕೆಲಸ. ಈ ಗೆರೆ ಎಲ್ಲಿದೆ ಎಂಬುದೇ ಬಹುತೇಕ ಜಗಳಗಳ ಮೂಲ. ಆದ್ದರಿಂದ ಎಷ್ಟು ಸುತ್ತಿನ ತಿದ್ದುಪಡಿ ದರದಲ್ಲಿ ಸೇರಿದೆ ಎಂಬುದನ್ನು ಮೊದಲೇ ಬರೆದಿಡುವುದು ವಾಡಿಕೆ.

ಮರುಸಂಧಾನದ ವಿಧಾನ

ಕೆಲಸ ಒಪ್ಪಿಸಿದ ನಂತರಕ್ಕಿಂತ, ಹೆಚ್ಚುವರಿ ಬೇಡಿಕೆ ಬಂದಾಗಲೇ ಮಾತನಾಡುವುದು ಹೆಚ್ಚು ಫಲಕಾರಿ. ಆಗ ಗ್ರಾಹಕರಿಗೆ ಹಣ ಕೊಟ್ಟು ಮಾಡಿಸುವ, ಬೇಡಿಕೆಯನ್ನು ಕುಗ್ಗಿಸುವ ಅಥವಾ ಕೈಬಿಡುವ ಆಯ್ಕೆಗಳಿರುತ್ತವೆ. ಮುಗಿದ ಕೆಲಸಕ್ಕೆ ಬಿಲ್ಲು ಬಂದಾಗ ಅವರಿಗೆ ಉಳಿಯುವುದು ಆಶ್ಚರ್ಯ ಮಾತ್ರ. ದೂರವಾಣಿಯಲ್ಲಿ ನಡೆದ ಮಾತನ್ನು ಅದೇ ದಿನ ಮಿಂಚಂಚೆಯಲ್ಲಿ ಬರೆದು ಕಳುಹಿಸುವುದು ರೂಢಿ. ಮೇಲಿನ ಉದಾಹರಣೆಯಲ್ಲಿ ಪತ್ರ ಹೀಗಿರಬಹುದು:

"ಮಾನ್ಯರೇ, ತಾವು ಕಳುಹಿಸಿದ ಪರಿಷ್ಕೃತ ಅಧ್ಯಾಯಗಳು ತಲುಪಿವೆ. ಇವುಗಳಲ್ಲಿ 6,000 ಪದಗಳು ಹೊಸವು. ಮೊದಲಿನ ಒಪ್ಪಂದದಲ್ಲಿ ಸೇರಿರಲಿಲ್ಲ. ಹಿಂದಿನ ದರದಲ್ಲಿಯೇ ₹12,000 ಆಗುತ್ತದೆ. ತಮ್ಮ ಒಪ್ಪಿಗೆ ಬಂದೊಡನೆ ಆರಂಭಿಸುತ್ತೇನೆ."

ಇದರಲ್ಲಿ ದೂರು ಇಲ್ಲ, ಕ್ಷಮಾಪಣೆಯೂ ಇಲ್ಲ. ಕೆಲಸದ ಅಳತೆ, ದರ ಮತ್ತು ಆರಂಭದ ಷರತ್ತು ಮಾತ್ರ ಇವೆ. ಈಗಾಗಲೇ ಮಾಡಿಕೊಟ್ಟದ್ದನ್ನು ಉಚಿತವಾಗಿ ಬಿಡಲು ನಿರ್ಧರಿಸಿದರೂ ಬಿಲ್ಲಿನಲ್ಲಿ ಅದರ ಬೆಲೆಯನ್ನು ನಮೂದಿಸಿ, ಮುಂದಿನ ಸಾಲಿನಲ್ಲಿ ಅಷ್ಟೇ ಮೊತ್ತವನ್ನು ರಿಯಾಯಿತಿಯೆಂದು ಕಳೆಯುವ ಕ್ರಮವಿದೆ. ಇದರಿಂದ ಕೆಲಸಕ್ಕೆ ಬೆಲೆಯಿತ್ತು ಎಂಬುದು ದಾಖಲಾಗುತ್ತದೆ. ಒಬ್ಬನೇ ಗ್ರಾಹಕನನ್ನು ನೆಚ್ಚಿಕೊಂಡವರಿಗೆ ಇದಾವುದೂ ಸುಲಭವಲ್ಲ ಎಂಬುದನ್ನೂ ಹೇಳಬೇಕು.

ಭಾರತದ ಕಾನೂನು

1872ರ ಭಾರತೀಯ ಕರಾರು ಅಧಿನಿಯಮದ 70ನೆಯ ಪ್ರಕರಣವು ಇಲ್ಲಿ ಮುಖ್ಯವಾದುದು. ಒಬ್ಬರು ಇನ್ನೊಬ್ಬರಿಗಾಗಿ ಕಾನೂನುಬದ್ಧವಾಗಿ, ಉಚಿತವಾಗಿ ಮಾಡುವ ಉದ್ದೇಶವಿಲ್ಲದೆ ಕೆಲಸ ಮಾಡಿ, ಇನ್ನೊಬ್ಬರು ಅದರ ಪ್ರಯೋಜನವನ್ನು ಅನುಭವಿಸಿದ್ದರೆ ಪರಿಹಾರ ಕೊಡಬೇಕೆಂದು ಅದು ಹೇಳುತ್ತದೆ. ಪಶ್ಚಿಮ ಬಂಗಾಳ ರಾಜ್ಯ ವಿರುದ್ಧ ಬಿ. ಕೆ. ಮಂಡಲ್ ಅಂಡ್ ಸನ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1961ರಲ್ಲಿ ಇದನ್ನು ವಿವರವಾಗಿ ಪರಿಶೀಲಿಸಿತು. ಗುತ್ತಿಗೆದಾರ ಸಂಸ್ಥೆಯು 1944ರಲ್ಲಿ ಹೂಗ್ಲಿ ಜಿಲ್ಲೆಯ ಆರಾಮ್‌ಬಾಗ್‌ನಲ್ಲಿ ಅಧಿಕಾರಿಗಳ ಕೋರಿಕೆಯಂತೆ ಕಚ್ಚಾ ರಸ್ತೆ, ಕಾವಲು ಕೋಣೆ, ಅಡುಗೆಮನೆ ಮೊದಲಾದವನ್ನು ಕಟ್ಟಿಕೊಟ್ಟಿತ್ತು. ಆದರೆ ವಿಧಿವತ್ತಾದ ಕರಾರು ಆಗಿರಲಿಲ್ಲ. ಕರಾರು ಇಲ್ಲದಿದ್ದರೂ ಕಟ್ಟಡಗಳನ್ನು ಸ್ವೀಕರಿಸಿ ಬಳಸಿದ ಮೇಲೆ ಸರ್ಕಾರವು ಹಣ ಕೊಡಲು ಬದ್ಧ ಎಂದು ನ್ಯಾಯಾಲಯ ತೀರ್ಪಿತ್ತಿತು. ಸ್ವೀಕರಿಸದಿರುವ ಸ್ವಾತಂತ್ರ್ಯವು ಎದುರು ಪಕ್ಷಕ್ಕಿತ್ತು ಎಂಬುದು ತರ್ಕದ ತಿರುಳು. ಹೆಚ್ಚುವರಿ ಕೆಲಸವನ್ನು ಉಚಿತವಾಗಿ ಮಾಡುತ್ತಿಲ್ಲವೆಂದು ಮೊದಲೇ ಬರೆದು ತಿಳಿಸುವುದರ ಮಹತ್ವವೂ ಇಲ್ಲಿಯೇ ಇದೆ.

ಅದೇ ಅಧಿನಿಯಮದ 25(2)ನೆಯ ಪ್ರಕರಣದಂತೆ, ಸ್ವಯಂಪ್ರೇರಣೆಯಿಂದ ಈಗಾಗಲೇ ಮಾಡಿಕೊಟ್ಟ ಕೆಲಸಕ್ಕೆ ಪರಿಹಾರ ಕೊಡುವುದಾಗಿ ನಂತರ ನೀಡಿದ ವಚನವೂ ಊರ್ಜಿತ. 63ನೆಯ ಪ್ರಕರಣ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ: ಬರಬೇಕಾದುದಕ್ಕಿಂತ ಕಡಿಮೆ ಮೊತ್ತವನ್ನು ಪೂರ್ಣ ತೀರುವಳಿಯೆಂದು ಒಪ್ಪಿಕೊಂಡರೆ ಉಳಿದ ಬಾಕಿ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಭಾಗಶಃ ಹಣ ಪಡೆದಾಗ ರಸೀದಿಯ ಒಕ್ಕಣೆಯನ್ನು ಗಮನಿಸಬೇಕಾಗುತ್ತದೆ. ಪಾವತಿಗೆ ದಿನ ಗೊತ್ತುಪಡಿಸದಿದ್ದರೆ, ಕೋರಿಕೆಯ ಮೇರೆಗೆ ಮಾಡಿದ ಕೆಲಸದ ಹಣಕ್ಕಾಗಿ ದಾವೆ ಹೂಡಲು 1963ರ ಕಾಲಮಿತಿ ಅಧಿನಿಯಮವು ಕೆಲಸ ಮುಗಿದಂದಿನಿಂದ 3 ವರ್ಷಗಳ ಅವಕಾಶ ಕೊಡುತ್ತದೆ.

ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಅಧಿನಿಯಮದ ರಕ್ಷಣೆಯೂ ಇದೆ. ಸೇವೆ ಒದಗಿಸುವ ಏಕವ್ಯಕ್ತಿ ಉದ್ಯಮಗಳೂ ನೋಂದಾಯಿಸಿಕೊಳ್ಳಬಹುದು. ಲಿಖಿತ ಒಪ್ಪಂದವಿದ್ದರೂ ಪಾವತಿಯ ಗಡುವು 45 ದಿನಗಳನ್ನು ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಕೊಡಬೇಕು. ಕೆಲಸ ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದರೆ ಅದನ್ನು ಸ್ವೀಕರಿಸಿದಂತೆಯೇ ಎಣಿಸಲಾಗುತ್ತದೆ. ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಮಾಡಿಸಿರುವುದು ಕ್ಷೇಮ.

ಕೃತಿಸ್ವಾಮ್ಯವೂ ಮರುಸಂಧಾನದ ಒಂದು ಸಾಧನ. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು, ವರ್ಗಾಯಿಸುವವರ ಸಹಿ ಹೊಂದಿರಬೇಕು. ಪೂರ್ತಿ ಹಣ ಸಂದಾಯವಾದ ನಂತರವೇ ಹಕ್ಕು ವರ್ಗವಾಗುವುದೆಂಬ ಷರತ್ತನ್ನು ಬರಹಗಾರರು ಕರಾರಿನಲ್ಲಿ ಸೇರಿಸಬಹುದು. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರ ಮತ್ತು ಬರೆಸಿದ ವರ್ಣಚಿತ್ರಗಳಿಗೆ ನಿಯಮ ಬೇರೆ: ಪ್ರತ್ಯೇಕ ಒಪ್ಪಂದವಿಲ್ಲದಿದ್ದರೆ ಮಾಡಿಸಿದವರೇ ಮೊದಲ ಹಕ್ಕುದಾರರು.

ಇತರ ದೇಶಗಳಲ್ಲಿ

ನ್ಯೂಯಾರ್ಕ್ ನಗರದಲ್ಲಿ 2017ರ ಮೇ 15ರಿಂದ ಜಾರಿಯಲ್ಲಿರುವ 'ಫ್ರೀಲ್ಯಾನ್ಸ್ ಈಸಂಟ್ ಫ್ರೀ' ಕಾನೂನು 800 ಡಾಲರ್ ಅಥವಾ ಹೆಚ್ಚಿನ ಮೊತ್ತದ ಕೆಲಸಕ್ಕೆ ಲಿಖಿತ ಕರಾರನ್ನು ಕಡ್ಡಾಯಗೊಳಿಸಿದೆ. ಗಡುವು ಗೊತ್ತುಪಡಿಸದಿದ್ದರೆ ಕೆಲಸ ಮುಗಿದ 30 ದಿನಗಳೊಳಗೆ ಹಣ ಕೊಡಬೇಕು. ಕೆಲಸ ಆರಂಭವಾದ ಮೇಲೆ, ಸಕಾಲಕ್ಕೆ ಹಣ ಬೇಕಾದರೆ ಒಪ್ಪಿದ ಮೊತ್ತಕ್ಕಿಂತ ಕಡಿಮೆ ಪಡೆಯಬೇಕೆಂದು ಷರತ್ತು ಹಾಕುವುದನ್ನು ಅದು ನಿಷೇಧಿಸುತ್ತದೆ. ಬ್ರಿಟನ್ನಿನಲ್ಲಿ ವ್ಯಾಪಾರಿ ಬಾಕಿಗಳ ಮೇಲೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಮೂಲದರಕ್ಕಿಂತ ಶೇ. 8ರಷ್ಟು ಹೆಚ್ಚಿನ ಬಡ್ಡಿ ವಿಧಿಸಲು 1998ರ ಕಾಯಿದೆ ಅವಕಾಶ ನೀಡುತ್ತದೆ.