ಸಿಂಪ್ಯೂಟರ್‌ಗೊಂದು ಟೆಟ್ರಿಸ್ ಇದ್ದಿದ್ದರೆ

ಭಾನುವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ಹೊಸಕೋಟೆಯಲ್ಲಿ ಬಿರಿಯಾನಿಗೆ ಕ್ಯೂ ನಿಂತಿರುತ್ತೆ. ಕ್ಯೂನಲ್ಲಿ ನಮ್ಮೂರಿನವರಿಗಿಂತ ಬೆಂಗಳೂರಿನಿಂದ ಕಾರು, ಬೈಕಲ್ಲಿ ಬಂದವರೇ ಜಾಸ್ತಿ. ಇಂದಿರಾನಗರದಲ್ಲಿ, ವೈಟ್‌ಫೀಲ್ಡಿನಲ್ಲಿ ಏಸಿ ಹೋಟೆಲುಗಳಿಗೇನು ಬರವಿಲ್ಲ. ಮೆತ್ತನೆ ಕುರ್ಚಿ, ಪಿಂಗಾಣಿ ತಟ್ಟೆ, ವ್ಯಾಲೆ ಪಾರ್ಕಿಂಗ್ ಎಲ್ಲಾ ಇದೆ. ಆದರೂ ನಿದ್ದೆಗೆಟ್ಟು ಇಲ್ಲಿಗೆ ಬಂದು ರಸ್ತೆ ಬದಿಯಲ್ಲಿ ನಿಂತು ತಿಂದು ಹೋಗ್ತಾರೆ. ನಮ್ಮ ಬಿರಿಯಾನಿಯವರು ಫೈವ್‌ಸ್ಟಾರ್ ಹೋಟೆಲಿನ ಜತೆ ಪೈಪೋಟಿಗೆ ಬಿದ್ದವರೇ ಅಲ್ಲ. ಅವರ ಬಾಗಿಲು ಮುಚ್ಚಿರುವ ಹೊತ್ತಿನಲ್ಲಿ ಇವರು ಹಂಡೆಯ ಮುಚ್ಚಳ ತೆಗೀತಾರೆ, ಅಷ್ಟೇ.

ಆಫೀಸಿನಲ್ಲಿ ಊಟದ ಹೊತ್ತು ಗೇಮ್ ಕನ್ಸೋಲ್‌ಗಳ ಮಾತು ಬಂದಾಗಲೆಲ್ಲ ನನಗೆ ಈ ಕ್ಯೂ ನೆನಪಾಗುತ್ತೆ. ಚರ್ಚೆ ಯಾವಾಗಲೂ ಒಂದೇ. ನಿಂಟೆಂಡೊ ಸ್ವಿಚ್‌ನಂಥ, ಕೈಯಲ್ಲೂ ಹಿಡಿದು ಟಿವಿಗೂ ಸಿಕ್ಕಿಸಿ ಆಡುವ ಎರಡೂ ನಮೂನೆಯ ಡಬ್ಬಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಂಥ ಬಲಾಢ್ಯರ ಎದುರು ನಿಲ್ಲುತ್ತಾ? ಎಂಜಿನಿಯರುಗಳಲ್ವಾ, ಕೂಡಲೇ ಪ್ರೊಸೆಸರ್, ಟೆರಾಫ್ಲಾಪ್ಸ್, ಫ್ರೇಮ್ ರೇಟ್ ಲೆಕ್ಕಕ್ಕೆ ಇಳೀತೀವಿ. ಇತಿಹಾಸ ಈ ಪ್ರಶ್ನೆಗೆ ಆಗಲೇ ಹಲವು ಸಲ ಉತ್ತರ ಕೊಟ್ಟಿದೆ. ಅದರಲ್ಲಿ ಒಂದು ಉತ್ತರ ನಮ್ಮ ಬೆಂಗಳೂರಿನದೇ. ಅದನ್ನು ಮಾತ್ರ ನಾವು ಮರೆತುಬಿಟ್ಟಿದ್ದೀವಿ.

ಮೊದಲು ಜಪಾನಿಗೆ ಹೋಗಿ ಬರೋಣ. ನಿಂಟೆಂಡೊ 1889ರಲ್ಲಿ ಕ್ಯೋಟೋದಲ್ಲಿ ಇಸ್ಪೀಟಿನಂಥ ಎಲೆಗಳನ್ನು ಮಾಡುವ ಅಂಗಡಿಯಾಗಿ ಶುರುವಾದದ್ದು. ಅಲ್ಲಿ ಗುನ್ಪೆಯ್ ಯೊಕೊಯ್ ಅಂತ ಒಬ್ಬ ಎಂಜಿನಿಯರ್ ಇದ್ದ. ಹೊಸದಾಗಿ ಬಂದ ದುಬಾರಿ ತಂತ್ರಜ್ಞಾನದ ಹಿಂದೆ ಓಡಬೇಡಿ, ಹಳತಾಗಿ, ಅಗ್ಗವಾಗಿ, ಚೆನ್ನಾಗಿ ಪಳಗಿದ್ದನ್ನೇ ತಗೊಂಡು ಯಾರೂ ಯೋಚಿಸದ ಕಡೆಗೆ ತಿರುಗಿಸಿ ಅನ್ನೋದು ಅವನ ಸಿದ್ಧಾಂತ. ಕ್ಯಾಲ್ಕುಲೇಟರಿನ ಪರದೆ ಅಗ್ಗವಾದಾಗ 1980ರಲ್ಲಿ ಅದರಿಂದ 'ಗೇಮ್ ಅಂಡ್ ವಾಚ್' ಹುಟ್ಟಿತು. 1989ರಲ್ಲಿ ಗೇಮ್ ಬಾಯ್ ಬಂತು.

ಗೇಮ್ ಬಾಯ್ ಬಂದಾಗಲೇ ಅದರ ತಂತ್ರಜ್ಞಾನ ಹಳೆಯದು. ಬಣ್ಣವಿಲ್ಲ, ಹಸಿರು ಛಾಯೆಯ ಪರದೆ, ಹಿಂದೆ ಬೆಳಕಿಲ್ಲ. ಅದೇ ವರ್ಷ ಅಟಾರಿ ಲಿಂಕ್ಸ್, ಮರುವರ್ಷ ಸೆಗಾ ಗೇಮ್ ಗೇರ್ ಬಣ್ಣದ ಪರದೆ ಹೊತ್ತು ಬಂದವು. ಸ್ಪೆಕ್ ಶೀಟ್ ಪಕ್ಕಪಕ್ಕ ಇಟ್ಟರೆ ಗೇಮ್ ಬಾಯ್ ಮೊದಲ ಸುತ್ತಿನಲ್ಲೇ ಔಟ್. ಆದರೆ ಗೇಮ್ ಗೇರ್ ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ಕುಡಿದು ಮುಗಿಸುತ್ತಿತ್ತು. ಗೇಮ್ ಬಾಯ್ ನಾಲ್ಕು ಸೆಲ್ಲಿನಲ್ಲಿ ಹತ್ತು ಗಂಟೆಗಿಂತ ಹೆಚ್ಚು ಓಡುತ್ತಿತ್ತು. ಬೆಲೆಯೂ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಅಮೆರಿಕದಲ್ಲಿ ಅದರ ಡಬ್ಬದೊಳಗೇ ಟೆಟ್ರಿಸ್ ಇತ್ತು. ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೊವ್ 1984ರಲ್ಲಿ ಮಾಡಿದ ಆ ಆಟಕ್ಕೆ ಬಣ್ಣ ಬೇಕಿಲ್ಲ, ಭಾಷೆ ಬೇಕಿಲ್ಲ, ಕತೆಯೂ ಬೇಕಿಲ್ಲ. ಗೇಮ್ ಬಾಯ್ ಮತ್ತು ಅದರ ಬಣ್ಣದ ಮಾದರಿ ಸೇರಿ ಸುಮಾರು 11.8 ಕೋಟಿ ಮಾರಾಟವಾದವು.

ನಮ್ಮ ಕಡೆ ಹಳ್ಳಿ ಹುಡುಗರ ಕೈಗೆ ಗೇಮ್ ಬಾಯ್ ಬರಲಿಲ್ಲ, ಆದರೆ ಟೆಟ್ರಿಸ್ ಬಂತು. ಜಾತ್ರೆ ಅಂಗಡಿಗಳಲ್ಲಿ '9999 ಇನ್ 1' ಅಂತ ಬರೆದ, ಕಂಪನಿ ಹೆಸರೇ ಗೊತ್ತಿಲ್ಲದ ಚೀನಾ ಡಬ್ಬಿ ಸಿಗುತ್ತಿತ್ತಲ್ಲ, ಅದೇ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ತಿಂಗಳುಗಟ್ಟಲೆ ಬರೋದು. ಕರೆಂಟು ಹೋದರೂ ಆಟ ನಿಲ್ಲುತ್ತಿರಲಿಲ್ಲ. ಅದರ ಮೊದಲು ನಮ್ಮವರು ಇದ್ದಿಲಲ್ಲಿ ಜಗಲಿ ಮೇಲೆ ಮನೆ ಬರೆದು, ಹುಣಸೆ ಬೀಜ, ಬಳೆ ಚೂರು ಇಟ್ಟು ಚೌಕಾಬಾರ, ಹುಲಿ-ಕುರಿ ಆಡ್ತಿದ್ದರು. ಅದಕ್ಕಿಂತ ಕಡಿಮೆ ಹಾರ್ಡ್‌ವೇರ್ ಇನ್ನೇನಿರಲು ಸಾಧ್ಯ?

ಹಾಗಂತ ಬಲ ಕಡಿಮೆ ಇರುವುದೇ ಒಂದು ಗುಣ ಅಂದುಕೊಳ್ಳಬೇಡಿ. 2012ರಲ್ಲಿ ಅದೇ ನಿಂಟೆಂಡೊ ವೀ ಯು ಅನ್ನೋ ಕನ್ಸೋಲ್ ತಂತು. ಎದುರಾಳಿಗಳಿಗಿಂತ ಅದೂ ದುರ್ಬಲವೇ. ಅದರ ಕೈಪರದೆಯನ್ನು ಟಿವಿಯಿಂದ ದೂರ ಒಯ್ಯೋ ಹಾಗಿರಲಿಲ್ಲ, ಯಾಕೆ ಕೊಳ್ಳಬೇಕು ಅಂತ ಯಾರಿಗೂ ಅರ್ಥವಾಗಲಿಲ್ಲ. ಸುಮಾರು 1.35 ಕೋಟಿಗೆ ನಿಂತುಹೋಯಿತು. ಆ ಸೋಲಿನಿಂದ ಎದ್ದದ್ದೇ ಸ್ವಿಚ್. 2017ರ ಮಾರ್ಚ್ 3ರಂದು ಬಂತು. ಒಳಗಿದ್ದ ಟೆಗ್ರಾ ಎಕ್ಸ್1 ಚಿಪ್ 2015ರದ್ದು. ಕಾಗದದ ಲೆಕ್ಕದಲ್ಲಿ ಅದರ ಗ್ರಾಫಿಕ್ಸ್ ಬಲ ಪಿಎಸ್4ರ ಐದನೇ ಒಂದು ಭಾಗದಷ್ಟು. ಆದರೆ ಟಿವಿಯ ಮುಂದೆ ಅರ್ಧಕ್ಕೆ ಬಿಟ್ಟ ಆಟವನ್ನು ಎತ್ತಿಕೊಂಡು ಬಸ್ಸಿನಲ್ಲಿ ಮುಂದುವರಿಸಬಹುದಿತ್ತು. ಎರಡೂ ಬದಿಯ ಹಿಡಿಕೆ ಬಿಚ್ಚಿ ಒಂದನ್ನು ಸ್ನೇಹಿತನಿಗೆ ಕೊಟ್ಟರೆ ಇಬ್ಬರೂ ಆಡಬಹುದಿತ್ತು. ಜತೆಗೆ ಮೊದಲ ದಿನವೇ ಹೊಸ ಜೆಲ್ಡಾ ಆಟ. ಪಿಎಸ್4 ಸುಮಾರು 11.7 ಕೋಟಿ ಮಾರಾಟವಾದರೆ ಸ್ವಿಚ್ 15 ಕೋಟಿ ದಾಟಿತು.

ಈಗ ಬೆಂಗಳೂರಿಗೆ ಬರೋಣ. ಕೈಯಲ್ಲಿ ಹಿಡಿಯುವ, ಸೆಲ್ಲಿನಲ್ಲಿ ಓಡುವ, ಅಗ್ಗದ ಡಬ್ಬಿಯೊಂದು ದೊಡ್ಡ ಯಂತ್ರಗಳ ಜಾಗ ಹಿಡಿಯಬಹುದು ಅನ್ನೋ ಕನಸನ್ನು ನಮ್ಮೂರೂ ಕಂಡಿತ್ತು. ಅದು ಆಟದ ಡಬ್ಬಿಯಲ್ಲ, ಕಂಪ್ಯೂಟರ್. ಹೆಸರು ಸಿಂಪ್ಯೂಟರ್.

1998ರ ಅಕ್ಟೋಬರಿನಲ್ಲಿ ಬೆಂಗಳೂರಿನ ಐಟಿ ಮೇಳದ ಜತೆಯಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ಬಡ ದೇಶಗಳ ಹಳ್ಳಿಗೆ ಕಂಪ್ಯೂಟರ್ ತಲುಪಿಸುವುದು ಹೇಗೆ ಅನ್ನೋದು ವಿಷಯ. ಅಲ್ಲಿ ಮೊಳೆತ ಯೋಚನೆಯನ್ನು ಕೈಗೆತ್ತಿಕೊಂಡವರು ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ವಿನಯ್ ದೇಶಪಾಂಡೆ ಅವರ ಎಂಕೋರ್ ಸಾಫ್ಟ್‌ವೇರ್ ತಂಡ. ಸಿಂಪ್ಯೂಟರ್ ಟ್ರಸ್ಟ್ ಆಯಿತು. 2001ರಲ್ಲಿ ಯಂತ್ರವನ್ನು ಜಗತ್ತಿಗೆ ತೋರಿಸಿದರು. 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಲಿನಕ್ಸ್, ಅಂಗೈಯಗಲದ ಟಚ್ ಪರದೆ. ಮೊದಲ ವಿನ್ಯಾಸದಲ್ಲಿ ಮೂರು ಸಣ್ಣ ಸೆಲ್ಲು. ಆಗ ಮೇಜಿನ ಮೇಲಿನ ಪೆಂಟಿಯಂಗಳು ಗಿಗಾಹರ್ಟ್ಸ್ ದಾಟಿದ್ದವು.

ಆ ವಿನ್ಯಾಸದಲ್ಲಿ ಎರಡು ಸೊಗಸಾದ ಯೋಚನೆಗಳಿದ್ದವು. ಮೊದಲನೆಯದು ಸ್ಮಾರ್ಟ್ ಕಾರ್ಡ್. ಯಂತ್ರ ಊರಿಗೆ ಒಂದೇ, ಕಾರ್ಡು ಒಬ್ಬೊಬ್ಬರಿಗೆ ಒಂದೊಂದು. ಕಾರ್ಡು ತೂರಿಸಿದರೆ ಅಷ್ಟು ಹೊತ್ತು ಅದು ನಿಮ್ಮ ಸ್ವಂತದ್ದು, ತೆಗೆದರೆ ಪಕ್ಕದ ಮನೆಯವರದ್ದು. ಎರಡನೆಯದು ದನಿ. ಓದಲು ಬಾರದವರಿಗೂ ಕನ್ನಡ, ಹಿಂದಿಯಲ್ಲಿ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ 'ಧ್ವನಿ' ಅನ್ನೋ ತಂತ್ರಾಂಶ ಈ ಯೋಜನೆಯಲ್ಲೇ ಹುಟ್ಟಿತು. ಯಂತ್ರ ಮಾತಾಡೋದನ್ನು ಈಗ ನಾವು ದೊಡ್ಡ ಹೊಸತು ಅಂದುಕೊಂಡಿದ್ದೀವಿ, ಇಪ್ಪತ್ತು ವರ್ಷದ ಹಿಂದೆ ಅದು ಕನ್ನಡ ಮಾತಾಡ್ತಿತ್ತು. ಕಾದಂಬರಿಕಾರ ಬ್ರೂಸ್ ಸ್ಟರ್ಲಿಂಗ್ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನಿನಲ್ಲಿ 2001ರ ಮಹತ್ವದ ಕಂಪ್ಯೂಟರ್ ಆವಿಷ್ಕಾರ ಇದೇ ಎಂಬ ಅರ್ಥದಲ್ಲಿ ಬರೆದರು.

2004ರಲ್ಲಿ ಪ್ರೊಫೆಸರುಗಳ ಪಿಕೋಪೆಟಾ ಕಂಪನಿ ಮತ್ತು ಬೆಂಗಳೂರಿನ ಬಿಇಎಲ್ ಸೇರಿ 'ಅಮಿಡಾ ಸಿಂಪ್ಯೂಟರ್' ಅನ್ನು ಮಾರುಕಟ್ಟೆಗೆ ತಂದವು. ಅದರೊಳಗೆ ಚಲನೆ ಗುರುತಿಸುವ ಆಕ್ಸೆಲೆರೋಮೀಟರ್ ಇತ್ತು! ಯಂತ್ರವನ್ನು ಕೈಯಲ್ಲಿ ಓರೆ ಮಾಡಿದರೆ ಪುಟ ತಿರುಗುತ್ತಿತ್ತು. ಐಫೋನ್ ಬಂದದ್ದು 2007ರಲ್ಲಿ, ಅನ್ನೋದನ್ನು ಗಮನಿಸಿ.

ಕತೆಯ ತಿರುವು ನನಗೆ ಕಾಣೋದು ಇಲ್ಲೇ. 2006ರಲ್ಲಿ ನಿಂಟೆಂಡೊ ವೀ ಅನ್ನೋ ಕನ್ಸೋಲ್ ಬಿಟ್ಟಿತು. ಪಿಎಸ್3, ಎಕ್ಸ್‌ಬಾಕ್ಸ್ 360ರ ಎದುರು ಅದು ಬಡಪಾಯಿ, ಎಚ್‌ಡಿ ಚಿತ್ರ ಕೂಡ ಇರಲಿಲ್ಲ. ಆದರೆ ಅದರ ರಿಮೋಟಿನಲ್ಲಿ ಇದ್ದದ್ದೂ ಆಕ್ಸೆಲೆರೋಮೀಟರೇ. ಕೈ ಬೀಸಿದರೆ ಟೆನಿಸ್, ತೋಳು ತೂಗಿದರೆ ಬೌಲಿಂಗ್. ಗೇಮ್ ಅಂದರೆ ಏನಂತಲೇ ಗೊತ್ತಿಲ್ಲದ ಅಜ್ಜ-ಅಜ್ಜಿಯರು ಸೋಫಾದಿಂದ ಎದ್ದು ನಿಂತರು. ವೀ 10 ಕೋಟಿ ದಾಟಿತು. ಸಿಂಪ್ಯೂಟರ್? 50,000 ಗುರಿ ಇತ್ತು, 2005ರ ಹೊತ್ತಿಗೆ ಹೋದದ್ದು ಸುಮಾರು 4,000 ಅಂತ ಪತ್ರಿಕೆಗಳು ಬರೆದವು.

ಒಂದೇ ಬಗೆಯ ಸೆನ್ಸರ್. ನಮ್ಮವರಿಗೆ ಎರಡು ವರ್ಷ ಮೊದಲೇ ಸಿಕ್ಕಿತ್ತು. ಒಬ್ಬರು ಅದರಿಂದ ಪುಟ ತಿರುಗಿಸಿದರು, ಇನ್ನೊಬ್ಬರು ಮನೆಮಂದಿಯನ್ನೆಲ್ಲ ಆಡಿಸಿದರು.

ಸಿಂಪ್ಯೂಟರಿನಲ್ಲಿ ಆಟ ಆಡಕ್ಕಾಗ್ತಿರಲಿಲ್ಲ ಅಂತ ನಾನು ಹೇಳ್ತಿಲ್ಲ. ಲಿನಕ್ಸ್ ಯಂತ್ರ ಅದು, ಬೇಕಾದ್ದು ಓಡಿಸಬಹುದಿತ್ತು. ಆದರೆ ಹಳ್ಳಿಯ ಮುಂದೆ ಅದನ್ನು ಇಟ್ಟದ್ದು ಉಪಯೋಗದ ಯಂತ್ರವಾಗಿ. ಬೆಳೆಯ ಬೆಲೆ, ಸಾಲದ ಲೆಕ್ಕ, ಶಾಲೆಯ ಪಾಠ, ಸರ್ಕಾರಿ ಕಾಗದಪತ್ರ. ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯ ಭೂದಾಖಲೆ ಕೆಲಸಕ್ಕೆ ಅದನ್ನು ಬಳಸಿತು. ಭೂಮಿ ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಪಹಣಿಗಾಗಿ ಶಾನುಭೋಗರ ಹಿಂದೆ ಅಲೆಯುತ್ತಿದ್ದ ರೈತ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟು ಕಂಪ್ಯೂಟರ್ ಪ್ರತಿ ತಗೊಳ್ಳೋ ಹಾಗಾಯಿತು. ಆದರೆ ಪಹಣಿ ನಮಗೆ ವರ್ಷಕ್ಕೆ ಎಷ್ಟು ಸಲ ಬೇಕು? ಸಾಲಕ್ಕೊಮ್ಮೆ, ಪಾಲು ಪಾರೀಕತ್ತಿಗೊಮ್ಮೆ. ಉಳಿದ ದಿನ ಆ ಡಬ್ಬಿಯನ್ನು ಕೈಗೆ ಎತ್ತಿಕೊಳ್ಳಲು ಕಾರಣವೇ ಇಲ್ಲ.

ಹಾಗಾದರೆ ಸಿಂಪ್ಯೂಟರ್ ಸೋತದ್ದು ಯಾರಿಗೆ? ಪೆಂಟಿಯಂ ಕಂಪ್ಯೂಟರಿಗಾ? ಅಲ್ಲ, ಅದಕ್ಕಿಂತ ದುರ್ಬಲವಾದ ಇನ್ನೊಂದು ಡಬ್ಬಿಗೆ. 2003ರಲ್ಲಿ ನೋಕಿಯಾ 1100 ಬಂತು. ಕಪ್ಪು-ಬಿಳುಪು ಪರದೆ, ಧೂಳು ಹೋಗದ ಕೀಪ್ಯಾಡ್, ತಲೆ ಮೇಲೆ ಟಾರ್ಚು. ಒಳಗೆ ಹಾವಿನ ಆಟ. ಸಿಂಪ್ಯೂಟರ್ ಮುಂದೆ ಅದರ ಸ್ಪೆಕ್ ಏನೇನೂ ಅಲ್ಲ. ಜಗತ್ತಿನಾದ್ಯಂತ ಮಾರಾಟವಾದದ್ದು 25 ಕೋಟಿ. ಅದೇ ವರ್ಷ ರಿಲಯನ್ಸ್ 501 ರೂಪಾಯಿ ಮುಂಗಡಕ್ಕೆ ಫೋನ್ ಕೊಟ್ಟಿತು, ಇನ್‌ಕಮಿಂಗ್ ಕರೆ ಉಚಿತವಾಯಿತು. 2004ರಲ್ಲಿ ದೇಶದ ಮೊಬೈಲ್‌ಗಳ ಸಂಖ್ಯೆ ಲ್ಯಾಂಡ್‌ಲೈನ್ ದಾಟಿತು. ಅಮಿಡಾದ ಅಗ್ಗದ ಮಾದರಿಗೂ ಹತ್ತು ಸಾವಿರದ ಹತ್ತಿರ ಬೆಲೆ ಇದ್ದ ಕಾಲ ಅದು.

ಬೆಲೆ ದೊಡ್ಡ ಕಾರಣ, ಒಪ್ಪಿಕೊಳ್ಳೋಣ. ಸಿಂಪ್ಯೂಟರಿನ ಬೆನ್ನಿಗೆ ಟೆಲಿಕಾಂ ಕಂಪನಿಯ ದುಡ್ಡು ಇರಲಿಲ್ಲ, ಸರ್ಕಾರದ ಆರ್ಡರುಗಳಿಗೆ ಕಾಯಬೇಕಿತ್ತು. ಅದರಷ್ಟಕ್ಕೆ ಅದು ಫೋನೂ ಆಗಿರಲಿಲ್ಲ. ಆದರೆ ಬೆಲೆಯೊಂದೇ ಕತೆಯಾಗಿದ್ದರೆ, ಮುಂದೆ ಹಳ್ಳಿಯವರು ಬಣ್ಣದ ಫೋನಿಗೆ ಸಾಲ ಮಾಡಿ ದುಡ್ಡು ಸುರಿದದ್ದು ಯಾಕೆ? ಬೆಳೆ ದರ ನೋಡಕ್ಕಂತೂ ಅಲ್ಲ. ಮಾತಾಡಕ್ಕೆ, ಮಿಸ್ಡ್ ಕಾಲ್ ಕೊಡಕ್ಕೆ, ಹಾವು ಆಡಿಸಕ್ಕೆ, ರಾಜ್‌ಕುಮಾರ್ ಹಾಡು ಕೇಳಕ್ಕೆ. ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವ ಅಂಗಡಿಗಳು ಹೊಸಕೋಟೆಯಂಥ ಪ್ರತಿ ತಾಲ್ಲೂಕಿನ ಬಸ್ ಸ್ಟ್ಯಾಂಡ್ ಪಕ್ಕ ಹುಟ್ಟಿಕೊಂಡವು. ಮೊದಲು ಹಾಡಿಗೆ ಬಂದ ಫೋನಿನಲ್ಲೇ ಆಮೇಲೆ ರೇಷ್ಮೆ ಗೂಡಿನ ರೇಟು, ಪಹಣಿ, ಬ್ಯಾಂಕು ಎಲ್ಲಾ ಬಂತು. ಆಟ, ಹರಟೆ ಮುಂದೆ ಹೋಗಿ ಬಾಗಿಲು ತೆಗೆದವು, ಉಪಯೋಗ ಹಿಂದಿನಿಂದ ಒಳಗೆ ಬಂತು.

ಹಳ್ಳಿಯಲ್ಲಿ ಬೆಳೆದವನಾಗಿ ನನಗೆ ಚುಚ್ಚೋದು ಇದೇ. ನಗರದಲ್ಲಿ ಕೂತು ಹಳ್ಳಿಗಾಗಿ ಏನಾದರೂ ಮಾಡುವವರ ಮನಸ್ಸಿನಲ್ಲಿ ಹಳ್ಳಿಯವನು ಯಾವಾಗಲೂ ಅರ್ಜಿ ಹಿಡಿದು ನಿಂತಿರುವವನು. ಅವನಿಗೆ ಮಾಹಿತಿ ಬೇಕು, ಅರಿವು ಬೇಕು, ಯೋಜನೆ ಬೇಕು. ಸಂಜೆ ಜಗಲಿ ಮೇಲೆ ಕೂತು ಸುಮ್ಮನೆ ಆಡೋಣ ಅನ್ನಿಸುವ ಮನುಷ್ಯ ಅವರ ಕಣ್ಣಿಗೆ ಬೀಳಲ್ಲ. ಸಿಂಪ್ಯೂಟರ್ ಮಾಡಿದವರದು ಒಳ್ಳೆಯ ಮನಸ್ಸು, ದೊಡ್ಡ ಬುದ್ಧಿ. ಅವರ 'ಧ್ವನಿ' ಮುಕ್ತ ತಂತ್ರಾಂಶವಾಗಿ ಉಳಿದು, ಬೇರೆಯವರ ಕೈಯಲ್ಲಿ ಇತರ ಭಾರತೀಯ ಭಾಷೆಗಳಿಗೂ ಬೆಳೆಯಿತು. ಎಂಜಿನಿಯರಿಂಗ್‌ನಲ್ಲಿ ಅವರು ಜಪಾನಿನವರಿಗೆ ಕಡಿಮೆಯಿರಲಿಲ್ಲ. ಯೊಕೊಯ್‌ಗೆ ಗೊತ್ತಿದ್ದ ಒಂದು ಸಣ್ಣ ಸಂಗತಿ ಮಾತ್ರ ಆ ಯೋಜನೆಯ ಮಧ್ಯಕ್ಕೆ ಬರಲಿಲ್ಲ: ಡಬ್ಬಿ ಮೊದಲು ಕೈಯಲ್ಲಿ ಇರಬೇಕು ಅನ್ನಿಸಬೇಕು.

ಊಟದ ಮೇಜಿನ ಪ್ರಶ್ನೆಗೆ ಈಗ ನನ್ನ ಉತ್ತರ. ಹೌದು, ಕೈಯಲ್ಲಿ ಹಿಡಿಯೋ ಡಬ್ಬಿ ಬಲಾಢ್ಯರ ಎದುರು ನಿಲ್ಲುತ್ತೆ. ಬಲಾಢ್ಯ ತಲುಪಲಾಗದ ಜಾಗದಲ್ಲಿ ಅದು ಸಿಗಬೇಕು, ಅಲ್ಲಿ ಅದನ್ನು ದಿನಾ ಎತ್ತಿಕೊಳ್ಳಲು ಒಂದು ಖುಷಿ ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ವೀ ಯು ಆಗುತ್ತೆ, ಸಿಂಪ್ಯೂಟರ್ ಆಗುತ್ತೆ. 2025ರ ಜೂನ್ 5ರಂದು ಬಂದ ಸ್ವಿಚ್ 2 ಹಳೆಯದಕ್ಕಿಂತ ಎಷ್ಟೋ ಬಲಶಾಲಿ, ಬಂದಾಗ ಬೆಲೆಯೂ 450 ಡಾಲರಿಗೆ ಏರಿತ್ತು. ಸ್ಟೀಮ್ ಡೆಕ್‌ನಂಥ ಎದುರಾಳಿಗಳೂ ಈಗ ಕೈಗೇ ಬಂದಿವೆ. ಅದನ್ನು ಅಳೆಯುವಾಗಲೂ ನಾನು ನೋಡೋದು ಮೊದಲು ಆಟ, ಆಮೇಲೆ ಚಿಪ್ಪು.

ನಮ್ಮಲ್ಲಿ ಹಲವರು ನಾಳೆ ಬೆಳಗ್ಗೆ ಔಟರ್ ರಿಂಗ್ ರೋಡಿನ ಯಾವುದೋ ಮೀಟಿಂಗ್ ರೂಮಿನಲ್ಲಿ ರೈತರಿಗೆ ಆಪ್, ಹಳ್ಳಿ ಶಾಲೆಗೆ ಟ್ಯಾಬ್ ಅಂತ ಸ್ಲೈಡ್ ತೋರಿಸಲಿಕ್ಕಿದ್ದೀವಿ. ಫೀಚರ್ ಪಟ್ಟಿ ಮುಗಿದ ಮೇಲೆ ಒಂದು ಪ್ರಶ್ನೆ ಸೇರಿಸಿ ನೋಡಿ. ಭಾನುವಾರ ಸಂಜೆ, ಯಾವ ಕೆಲಸವೂ ಇಲ್ಲದಾಗ, ಇದನ್ನು ಹಿಡ್ಕೊಳ್ಳೋದಕ್ಕೆ ಮನೆಯಲ್ಲಿ ಅಣ್ಣ-ತಂಗಿ ಜಗಳ ಆಡ್ತಾರಾ?