ಗಾಣ ಬಂದರಿಗೆ ಹೋದದ್ದು

ಡೋಣಿ ದಂಡೆಯ ಸಾರವಾಡ, ಬಬಲೇಶ್ವರ ಕಡೆಯ ಎರಿ ಹೊಲಗಳಲ್ಲಿ ಹಿಂಗಾರಿ ಜೋಳದ ಜೊತೆ ಕುಸುಬಿ ಬಿತ್ತುವುದು ಹಳೆಯ ರೂಢಿ. ಹೊಲದ ಅಂಚಿಗೆ ಬಿತ್ತಿದರೆ ಅದರ ಮುಳ್ಳೇ ದನಕ್ಕೆ ಬೇಲಿ. ಕಾಳು ಗಾಣಕ್ಕೆ ಹೋಗುತ್ತಿತ್ತು, ಎಣ್ಣೆ ಮನೆಗೆ, ಹಿಂಡಿ ಎತ್ತಿಗೆ. ಗುಡಿಯ ನಂದಾದೀಪವೂ ದರ್ಗಾದ ಚಿರಾಗೂ ಊರಿನ ಎಣ್ಣೆಯಲ್ಲೇ ಉರಿದವು. ಹನ್ನೆರಡನೆಯ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪನೂ ಒಬ್ಬ ಎಂಬುದನ್ನು ನೆನೆದರೆ ಈ ಕಸುಬಿನ ವಯಸ್ಸು ತಿಳಿಯುತ್ತದೆ.

ಈ ಗಾಣ ನಿಂತದ್ದೇಕೆ? ಯಂತ್ರ ಬಂತು, ಗಾಣಿಗ ಸೋತ ಎಂಬುದು ಸಾಮಾನ್ಯ ಉತ್ತರ. ಅದು ಅರ್ಧ ಸತ್ಯ. ಎತ್ತಿನ ಗಾಣವನ್ನು ಸೋಲಿಸಿದ್ದು ವಿದ್ಯುತ್ ಎಣ್ಣೆಗಿರಣಿ, ನಿಜ. 1934ರಲ್ಲಿ ಗಾಂಧೀಜಿ ಕಟ್ಟಿದ ಗ್ರಾಮೋದ್ಯೋಗ ಸಂಘ ಸುಧಾರಿತ ಗಾಣವನ್ನು ರೂಪಿಸಿದರೂ ಅದು ತಡೆಯಲಿಲ್ಲ. ಆದರೆ ಗಿರಣಿ ದೂರ ಹೋಗಲಿಲ್ಲ. ಕಾಳು ಬೆಳೆಯುವ ಸೀಮೆಯ ಪೇಟೆಯಲ್ಲೇ ನಿಂತಿತು. ಎಣ್ಣೆಗಿಂತ ಕಾಳಿನ ತೂಕ ಹೆಚ್ಚು, ಅದನ್ನು ದೂರ ಸಾಗಿಸುವುದು ನಷ್ಟ. ಹಮಾಲರಿಗೆ, ಕಾಳು ಹಸನು ಮಾಡುವವರಿಗೆ, ಹಿಂಡಿ ವ್ಯಾಪಾರಿಗೆ ಊರಲ್ಲೇ ಕೆಲಸವಿತ್ತು.

ಲೆಕ್ಕ ತಿರುಗಿದ್ದು ತೊಂಬತ್ತರ ದಶಕದಲ್ಲಿ. 1986ರ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಬಳಿಕ, 1992-93ರ ಸುಮಾರಿಗೆ, ದೇಶಕ್ಕೆ ಬೇಕಾದ ಅಡುಗೆ ಎಣ್ಣೆ ಬಹುಮಟ್ಟಿಗೆ ಇಲ್ಲೇ ತಯಾರಾಗುತ್ತಿತ್ತು. 1994ರಲ್ಲಿ ಪಾಮೊಲಿನ್ ಆಮದನ್ನು ಖಾಸಗಿಯವರಿಗೆ ಬಿಟ್ಟುಕೊಟ್ಟು ಶೇ. 65 ಸುಂಕ ಹಾಕಲಾಯಿತು. 1998ರ ಹೊತ್ತಿಗೆ ಸುಂಕ ಶೇ. 15ಕ್ಕೆ ಇಳಿಯಿತು. ಇಂದು ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಕಚ್ಚಾ ಎಣ್ಣೆ ಹಡಗಿನಲ್ಲಿ ಬರುವಾಗ ಅದನ್ನು ಶುದ್ಧೀಕರಿಸಲು ವಿಜಯಪುರಕ್ಕೆ ಯಾರು ತರುತ್ತಾರೆ? ಕಾರ್ಖಾನೆಗಳು ಮುಂದ್ರಾ, ಕಾಕಿನಾಡ, ನಮ್ಮ ಮಂಗಳೂರಿನ ಕಡಲ ದಂಡೆಗೆ ಎದ್ದವು. ಅಲ್ಲಿ ಎಣ್ಣೆ ಕೊಳವೆಯಲ್ಲೇ ಹರಿಯುತ್ತದೆ, ಹಗಲಿರುಳು ಓಡುವ ಯಂತ್ರಕ್ಕೆ ಕೈಗಳು ಕಡಿಮೆ ಸಾಕು. ಯಂತ್ರ ದೊಡ್ಡದಾದಷ್ಟೂ ಕಿಲೋಗೆ ಬೀಳುವ ಖರ್ಚು ಇಳಿಯುತ್ತದೆ.

ಕಾನೂನೂ ದೊಡ್ಡವರ ಕಡೆಗೇ ವಾಲಿತು. 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆಯಿಂದ ಸಾವುಗಳಾದ ಮೇಲೆ ಎಣ್ಣೆಯನ್ನು ಪೊಟ್ಟಣದಲ್ಲೇ ಮಾರಬೇಕೆಂಬ ಆದೇಶ ಬಂತು. ಉದ್ದೇಶ ಒಳ್ಳೆಯದೇ. ಆದರೆ ಪೊಟ್ಟಣದ ಯಂತ್ರ, ಪರೀಕ್ಷಾಲಯದ ಖರ್ಚು ಸಣ್ಣ ಗಿರಣಿಯವನಿಗೆ ಎಲ್ಲಿಂದ? ಸಣ್ಣ ಕೈಗಾರಿಕೆಗೆ ಮೀಸಲಾಗಿದ್ದ ಕೊನೆಯ 20 ವಸ್ತುಗಳಲ್ಲಿ ಶೇಂಗಾ ಎಣ್ಣೆ, ಉಪ್ಪಿನಕಾಯಿ, ಬ್ರೆಡ್ ಇದ್ದವು. 2015ರಲ್ಲಿ ಆ ಮೀಸಲಾತಿಯೂ ಹೋಯಿತು.

ಹಾಗೆಂದು ದೊಡ್ಡವರೆಲ್ಲ ಉಳಿದರೆಂದಲ್ಲ. ಮಂಗಳೂರಿನ ಬೈಕಂಪಾಡಿಯಲ್ಲೂ ಘಟಕವಿದ್ದ ರುಚಿ ಸೋಯಾ ಸಾಲದಲ್ಲಿ ಮುಳುಗಿ 2017ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು, 2019ರಲ್ಲಿ ಪತಂಜಲಿಯ ಪಾಲಾಯಿತು. ಮುಳುಗಿದ ಕಂಪೆನಿ ಇನ್ನೊಂದು ದೊಡ್ಡ ಕಂಪೆನಿಯ ಕೈಗೆ ಹೋಗುತ್ತದೆಯೇ ಹೊರತು ಕೆಲಸ ಊರಿಗೆ ಮರಳುವುದಿಲ್ಲ. 2025ರ ಮೇ ತಿಂಗಳಲ್ಲಿ ಸರಕಾರ ಕಚ್ಚಾ ಎಣ್ಣೆಯ ಸುಂಕ ಇಳಿಸಿ, ಶುದ್ಧೀಕರಿಸಿದ ಎಣ್ಣೆಯದನ್ನು ಹಾಗೇ ಬಿಟ್ಟಿತು. 'ದೇಶೀ ಉದ್ಯಮದ ರಕ್ಷಣೆ' ಎಂದರು. ರಕ್ಷಣೆ ಸಿಕ್ಕದ್ದು ಬಂದರಿನ ಶುದ್ಧೀಕರಣಕ್ಕೆ, ಕುಸುಬಿ ಬೆಳೆಯುವವನಿಗಲ್ಲ.

ಈಗ ನಗರಗಳಲ್ಲಿ 'ಮರದ ಗಾಣದ ಎಣ್ಣೆ' ಮತ್ತೆ ಬಂದಿದೆ, ಕೂಲಿಯವನ ಕೈಗೆಟುಕದ ಬೆಲೆಗೆ. ಇನ್ನು ಹಡಗಿನಲ್ಲಿ ಬರುವುದು ಬರೀ ಎಣ್ಣೆ. ಹಿಂಡಿ ಅದರ ಜೊತೆ ಬರುವುದಿಲ್ಲ. ಎತ್ತಿನ ಗೋದಲಿಗೆ ಅದನ್ನೂ ರೈತ ಬೇರೆಯಾಗಿ ದುಡ್ಡು ಕೊಟ್ಟೇ ತರಬೇಕು.